ಎಲೋದಿಯಾ ಕೈಗೆ ಬಂದ ಕಾಗದ

ಎಲೋದಿಯಾ ಬಾರಿಯೆಂತೋಸ್ ರಂಗದ ಮೇಲೆ ನಾನೂರಕ್ಕೂ ಹೆಚ್ಚು ಸಲ ಸತ್ತಿದ್ದಳು. ಕ್ಷಯದಿಂದ, ವಿಷದಿಂದ, ಗಂಡನ ಪಿಸ್ತೂಲಿನಿಂದ, ಪ್ರಾಚೀನ ರೋಮಿನ ಕಾಲದ ನಾಟಕಗಳಲ್ಲಿ ಎರಡು ಸಲ ಸಿಂಹದಿಂದ. ಆದರೆ ಪರದೆ ಏಳುವ ಹೊತ್ತಿಗೆ, ಇವತ್ತು ತಾನು ಯಾತರಿಂದ ಸಾಯಬೇಕು ಎನ್ನುವುದು ಅವಳಿಗೆ ಒಂದು ದಿನವೂ ಗೊತ್ತಿರುತ್ತಿರಲಿಲ್ಲ.

ವೆರಾಕ್ರೂಸ್ ಬಂದರಿನ ನಾಟಕ ಕಂಪನಿಯೆಂದರೆ ವಾರಕ್ಕೆ ಏಳು ನಾಟಕ. ನೋಡಲು ಬರುವವರು ದಿನವೂ ಅದೇ ಊರಿನ ಅದೇ ಜನ ಆದ್ದರಿಂದ ನಾಟಕ ದಿನವೂ ಬದಲಾಗಬೇಕು. ಅಷ್ಟನ್ನು ಬಾಯಿಪಾಠ ಮಾಡಲು ಯಾರಿಗೆ ಪುರುಸೊತ್ತು? ರಂಗದ ಅಂಚಿನಲ್ಲಿ, ನಟ್ಟನಡುವೆ, ನೆಲದಲ್ಲೊಂದು ಗುಂಡಿ ಇತ್ತು. ಅದರ ಮೇಲೆ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದ ಮರದ ಚಿಪ್ಪು. ಚಿಪ್ಪಿನೊಳಗೆ ಮೊಣಕಾಲು ಮಡಚಿ ಕುಳಿತ ಪ್ರಾಂಪ್ಟರ್ ದೋನ್ ನಿಕಾನೋರ್ ಉಸ್ಕಾಂಗಾ ಇಡೀ ನಾಟಕವನ್ನು ಸಾಲುಸಾಲಾಗಿ ಪಿಸುಗುಟ್ಟುತ್ತಿದ್ದ, ನಟರು ಅದನ್ನು ಕಿವಿಯಲ್ಲಿ ಹಿಡಿದು ಬಾಯಲ್ಲಿ ಬಿಡುತ್ತಿದ್ದರು. ಆದರೂ ಉಳಿದ ನಟರು ಆಟಕ್ಕೆ ಮುಂಚೆ ಪುಸ್ತಕದ ಮೇಲೆ ಒಂದು ಸಲವಾದರೂ ಕಣ್ಣಾಡಿಸಿಕೊಂಡು ಬರುತ್ತಿದ್ದರು. ಎಲೋದಿಯಾ ಅದನ್ನೂ ಮಾಡುತ್ತಿರಲಿಲ್ಲ.

ಏಕೆಂದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ನಿಕಾನೋರ್ ಒಬ್ಬನಿಗೆ.

ತಮಾಷೆಯೆಂದರೆ, ಅವಳ ಹೆಸರು ಮೇಲೆದ್ದದ್ದೇ ಈ ಕೊರತೆಯಿಂದ. ಗಂಡ ಮೋಸ ಮಾಡಿದ ಎಂದು ಚಿಪ್ಪಿನಿಂದ ಕೇಳಿಬಂದ ಕ್ಷಣ ಅವಳ ಮುಖದ ರಕ್ತ ನಿಜವಾಗಿಯೂ ಇಳಿಯುತ್ತಿತ್ತು, ಏಕೆಂದರೆ ಅವಳಿಗೂ ಆ ಸುದ್ದಿ ಆಗಲೇ ತಿಳಿಯುತ್ತಿದ್ದದ್ದು. ಊರಿನ ಪತ್ರಿಕೆಯವರು 'ಪ್ರತಿ ಮಾತನ್ನೂ ಮೊದಲ ಸಲ ಕೇಳಿದಂತೆ ನುಡಿಯುವ ಕಲಾವಿದೆ' ಎಂದು ಬರೆದರು. ಅದನ್ನು ಅವಳಿಗೆ ಓದಿ ಹೇಳುವಾಗ ನಿಕಾನೋರ್ ನಗು ತಡೆಯಲಾರದೆ ಕೆಮ್ಮಿದ್ದ.

ಅಲ್ವರಾದೊದಲ್ಲಿ ಮೀನು ಮಾರುವವಳ ಮಗಳು ಅವಳು. ಹದಿನೇಳನೇ ವಯಸ್ಸಿಗೆ ಕಂಪನಿ ಸೇರಿ, ಇಪ್ಪತ್ತಾರು ವರ್ಷ ಈ ಗುಟ್ಟನ್ನು ಒಂದೊಂದೇ ಉಪಾಯದಲ್ಲಿ ಕಾಪಾಡಿಕೊಂಡು ಬಂದಿದ್ದಳು. ಕರಾರುಪತ್ರ ಮುಂದಿಟ್ಟರೆ ಕನ್ನಡಕ ಮರೆತು ಬಂದಿರುತ್ತಿದ್ದಳು. ತನ್ನ ಸಹಿಯನ್ನು ಹೂವಿನ ಚಿತ್ರ ಕಲಿತಂತೆ ಕಲಿತಿದ್ದಳು. ಕಾಫಿ ಅಂಗಡಿಯಲ್ಲಿ ಫ್ರೆಂಚ್ ಕಾದಂಬರಿಯೊಂದನ್ನು ತೆರೆದು ಕೂತು ಮೂರು ಗುಟುಕಿಗೊಮ್ಮೆ ಪುಟ ತಿರುವುತ್ತಿದ್ದಳು. ಇದೆಲ್ಲ ನೋಡಿ ಊರವರು ಅವಳನ್ನು 'ನಮ್ಮ ವಿದುಷಿ' ಎನ್ನತೊಡಗಿದ್ದರು. ಆ ಪದ ಕೇಳಿದಾಗೆಲ್ಲ ಅವಳು ಅವಸರದಲ್ಲಿ ಇನ್ನೊಂದು ಪುಟ ತಿರುವುತ್ತಿದ್ದಳು. ಗುಟ್ಟು ರಟ್ಟಾದ ದಿನ ತಾನು ನಗೆಪಾಟಲು, ಮರುದಿನ ಅಮ್ಮನ ಮೀನಿನ ಹಲಗೆಯ ಹಿಂದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಕಂಪನಿಯ ಹಳೆಯ ಯಜಮಾನ ತೀರಿಕೊಂಡ ವರ್ಷ ಅವನ ಮಗ ರೊಸೆಂದೊ ಪ್ಯಾರಿಸ್ಸಿನಿಂದ ಬಂದ. ಅವನು ಮಗುವಾಗಿದ್ದಾಗ ಎಲೋದಿಯಾ ಅವನ ಮೂಗು ಒರೆಸಿದ್ದವಳು. ಈಗ ಅವನಿಗೆ ಮೊನಚಾದ ಮೀಸೆ ಬಂದಿತ್ತು, ಹೊಸ ಅಭಿಪ್ರಾಯಗಳು ಬಂದಿದ್ದವು. ಬಂದ ಮೂರನೇ ದಿನ ಕಂಪನಿಯನ್ನೆಲ್ಲ ರಂಗದ ಮೇಲೆ ಕೂಡಿಸಿ, ಬಡಗಿಯನ್ನು ಕರೆಸಿ, ಎಲ್ಲರ ಕಣ್ಣೆದುರೇ ಚಿಪ್ಪನ್ನು ಕೀಳಿಸಿ ಗುಂಡಿಯ ಮೇಲೆ ಹಲಗೆ ಹೊಡೆಸಿದ.

"ಪ್ಯಾರಿಸ್ಸಲ್ಲಿ ಇಂಥ ಆಮೆ ಚಿಪ್ಪು ಎಲ್ಲೂ ಇಲ್ಲ," ಎಂದ. "ಇನ್ಮೇಲೆ ಎಲ್ರೂ ಮಾತು ಬಾಯಿಪಾಠ ಮಾಡ್ಬೇಕು. ಮೂರು ವಾರಕ್ಕೆ ಒಂದೇ ನಾಟಕ. ಫ್ರೆಂಚಿಂದ ನಾನೇ ಇಳ್ಸಿದೀನಿ."

"ಮೂರು ವಾರ ಒಂದೇ ನಾಟಕ ಆಡಿದ್ರೆ ನೋಡೋರ್ಯಾರಪ್ಪ, ಸಮುದ್ರದ ಮೀನುಗಳಾ?" ಎಂದಳು ಎಲೋದಿಯಾ.

ಎಲ್ಲರೂ ನಕ್ಕರು. ರೊಸೆಂದೊ ನಗಲಿಲ್ಲ. "ದೋನ್ಯಾ ಎಲೋದಿಯಾ, ನೀವೇ ನಾಯಕಿ. ನಿಮ್ಮಂಥ ಓದ್ಕೊಂಡೋರಿಗೆ ಇದು ಯಾವ ಲೆಕ್ಕ?" ಎಂದು ದಪ್ಪನೆಯ ಕಟ್ಟೊಂದನ್ನು ಅವಳ ಮಡಿಲಿಗೆ ಹಾಕಿದ. ಅವಳು ಮೊದಲ ಹಾಳೆ ನೋಡಿ, ಹುಬ್ಬೇರಿಸಿ, "ಅಕ್ಷರ ಚೆನ್ನಾಗಿದೆ," ಎಂದಳು.

ನಿಕಾನೋರನಿಗೆ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು. ಮಧ್ಯಾಹ್ನಗಳಲ್ಲಿ ಅವನು ಎಲೋದಿಯಾಳ ಬಾಡಿಗೆ ಕೋಣೆಗೆ ಬಂದು ಪಾತ್ರವನ್ನು ಓದಿ ಹೇಳುತ್ತಿದ್ದ, ಅವಳು ಗಿಳಿಯಂತೆ ಒಪ್ಪಿಸುತ್ತಿದ್ದಳು. ಇಪ್ಪತ್ತಾರು ವರ್ಷ ಪರದೆ ಬಿದ್ದೊಡನೆ ಎಲ್ಲವನ್ನೂ ಮರೆಯುವುದೇ ಅಭ್ಯಾಸವಾದ ತಲೆ ಅದು. ಎರಡನೇ ಅಂಕ ಒಳಹೊಕ್ಕರೆ ಮೊದಲನೆಯದು ಹೊರಗೆ ನಡೆದುಬಿಡುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನೆನಪಿದ್ದ ಮಾತುಗಳು ಅವಳ ಬಾಯಲ್ಲಿ ಜಪದ ಮಾತುಗಳಂತೆ ಬರುತ್ತಿದ್ದವು.

"ಗಂಡ ಮೋಸ ಮಾಡಿದ ಅಂತ ಎರಡು ವಾರದಿಂದ ನಂಗೊತ್ತಿದೆ," ಎಂದು ಅವಳು ಸಿಟ್ಟಾದಳು. "ಮತ್ತೆ ಮತ್ತೆ ಹೇಗೆ ಅಳ್ಲಿ? ಈಗ ಅವನ್ನ ನೋಡಿದ್ರೆ ಆಕಳಿಕೆ ಬರತ್ತೆ, ದೋನ್ ನಿಕಾನೋರ್."

"ಮದುವೆ ಆದವ್ರೆಲ್ಲ ಹಾಗೇ ಇರೋದು ಕಣಮ್ಮ," ಎಂದ ನಿಕಾನೋರ್. "ತಗೋ, ಇನ್ನೊಂದ್ಸಲ."

ಶುಕ್ರವಾರದ ತಾಲೀಮಿನಲ್ಲಿ ಅವಳು ಮೂರು ಕಡೆ ನಿಂತುಹೋದಳು. ಹೆರ್ಮಿನಿಯಾ ಎನ್ನುವ ಕಾನ್ವೆಂಟ್ ಹುಡುಗಿ, ಗಂಡನ ಪ್ರೇಯಸಿಯ ಪಾತ್ರದವಳು, ಮೂರು ಕಡೆಯೂ ತಾನೇ ಸಾಲು ಎತ್ತಿಕೊಟ್ಟಳು. ಕೊಡುವಾಗ ನಕ್ಕಳು ಬೇರೆ. ರೊಸೆಂದೊ ಮೀಸೆ ತಿರುವಿ ಎಲೋದಿಯಾಳನ್ನು ಪಕ್ಕಕ್ಕೆ ಕರೆದ.

"ಅಮ್ಮಾವ್ರೆ, ನೇರವಾಗಿ ಹೇಳ್ತೀನಿ. ಜನವರಿಗೆ ರಾಜಧಾನಿಗೆ ಹೋಗ್ತಿದೀವಿ. ಭಾನುವಾರ ಮೊದಲ್ನೇ ಆಟ ಸರಿಹೋಗ್ಲಿಲ್ಲಾಂದ್ರೆ ನಾಯಕಿ ಪಾತ್ರ ಹೆರ್ಮಿನಿಯಾಗೆ. ನೀವು ಚಿಕ್ಕಮ್ಮನ ಪಾತ್ರ ಮಾಡಿ."

"ಚಿಕ್ಕಮ್ಮಂಗೆ ಎಷ್ಟು ವಯಸ್ಸು?"

"ಅರವತ್ತು ದಾಟಿದೆ."

ಒಮ್ಮೆ ಚಿಕ್ಕಮ್ಮನ ಟೋಪಿ ತೊಟ್ಟ ನಟಿಗೆ ಮತ್ತೆ ನಾಯಕಿಯ ಜಡೆ ಸಿಗುವುದಿಲ್ಲ, ಇದು ಎಲ್ಲ ಕಂಪನಿಗಳ ಪದ್ಧತಿ. ಎಲೋದಿಯಾ ಆ ಸಂಜೆ ಅತ್ತಳು, ನಿಜವಾಗಿ, ಮೂಗು ಕೆಂಪಾಗುವಂತೆ. ಅತ್ತು ಮುಗಿದ ಮೇಲೆ ಅವಳಿಗೆ ಅಜ್ಜನ ನೆನಪಾಯಿತು.

ಅಜ್ಜನೆಂದರೆ ನಾಟಕದ ಅಜ್ಜ. ಗಂಡನ ತಂದೆ, ಲಕ್ವ ಹೊಡೆದವನು, ಮೂರು ಅಂಕವೂ ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿರುತ್ತಾನೆ, ಒಂದು ಮಾತೂ ಆಡುವುದಿಲ್ಲ. ಆ ಪಾತ್ರ ದೋನ್ ಸಿಪ್ರಿಯಾನೊನದು. ಮೂವತ್ತು ವರ್ಷ ರಾಜನಾಗಿ, ದರೋಡೆಕಾರನಾಗಿ ಗರ್ಜಿಸಿದ ಮನುಷ್ಯನಿಗೆ ಮಾತಿಲ್ಲದ ಪಾತ್ರ ಕೊಟ್ಟರೆ ಮೈ ಉರಿಯದೆ ಇದ್ದೀತೇ?

ಶನಿವಾರ ಎಲೋದಿಯಾ ಅವನ ಮುಂದೆ ಸುಮ್ಮನೆ ಎಂಬಂತೆ, "ನಾಳೆ ಮಧ್ಯಾಹ್ನ ಬೋಕಾ ದೆಲ್ ರಿಯೊದಲ್ಲಿ ಕೋಳಿ ಅಂಕವಂತೆ. ಯಾವುದೋ ಕೆಂಪು ಹುಂಜ ಬರ್ತಿದೆಯಂತೆ," ಎಂದಳು.

ದೋನ್ ಸಿಪ್ರಿಯಾನೊ ಕಣ್ಣು ಕಿರಿದು ಮಾಡಿದ. "ನಾಳೆ ನಂಗೆ ಲಕ್ವ ಇದೆಯಲ್ಲಮ್ಮ."

"ಲಕ್ವಾನ ಬೇರೆಯವ್ರಿಗೆ ಕೊಡ್ಬಹುದು."

ಭಾನುವಾರ ಬೆಳಿಗ್ಗೆ ದೋನ್ ಸಿಪ್ರಿಯಾನೊನ ಕಾಲಿಗೆ ಇದ್ದಕ್ಕಿದ್ದಂತೆ ವಾತ ಹಿಡಿಯಿತು. ಅವನು ಕುಂಟಿಕೊಂಡು ಬಂದು ಸುದ್ದಿ ಹೇಳಿದ, ಬೀದಿ ತಿರುವಿನವರೆಗೆ ಕುಂಟಿಕೊಂಡೇ ಹೋದ, ಆಮೇಲೆ ಓಡಿದ. ರೊಸೆಂದೊ ತಲೆಯ ಮೇಲೆ ಕೈಹೊತ್ತು ಕೂತ. ಎಲೋದಿಯಾ ಬಾಗಿಲ ಕಡೆಗೆ ಗದ್ದ ಎತ್ತಿ ತೋರಿಸಿದಳು.

"ದೋನ್ ನಿಕಾನೋರ್ ಇಲ್ವೇನಪ್ಪ? ಮಾತಿಲ್ದೆ ಇರೋ ಪಾತ್ರಕ್ಕೆ ಯಾರಾದ್ರೇನು."

ನಾಲ್ಕು ಗಂಟೆಯ ಆಟಕ್ಕೆ ಥಿಯೇಟರು ತುಂಬಿತ್ತು. ಹೊರಗೆ ಉತ್ತರದ ಗಾಳಿ ಬಂದರಿನ ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದರಿಂದ, ಬೇರೆಲ್ಲೂ ಹೋಗಲಾರದ ಊರು ಇಲ್ಲಿಗೆ ಬಂದಿತ್ತು. ದುಬಾರಿ ಬಾಕ್ಸ್ ಸೀಟುಗಳಲ್ಲಿ ವ್ಯಾಪಾರಿಗಳ ಸಂಸಾರಗಳು, ಮೇಲೆ ಗ್ಯಾಲರಿಯಲ್ಲಿ ಹಮಾಲರು, ಚುಟ್ಟಾ ಕಟ್ಟುವ ಹೆಂಗಸರು, ಅವರ ಕಡಲೆಕಾಯಿ ಸಿಪ್ಪೆ. ಪರದೆ ಎದ್ದಾಗ ನಿಕಾನೋರ್ ಎದೆಯವರೆಗೆ ಬಿಳಿ ಗಡ್ಡ ಅಂಟಿಸಿಕೊಂಡು ಗಾಲಿಕುರ್ಚಿಯಲ್ಲಿದ್ದ. ಕಂಬಳಿಯ ಮಡಿಕೆಯಲ್ಲಿ ಪುಸ್ತಕವಿತ್ತು. ಗಡ್ಡದೊಳಗಿಂದ ಮೊದಲ ಸಾಲು ಬಂತು.

ಅವನು ಮಧ್ಯಾಹ್ನಗಳಲ್ಲಿ ಓದಿದ್ದೆಲ್ಲವನ್ನೂ ಎಲೋದಿಯಾ ಆಗಲೇ ಮರೆತಿದ್ದಳು, ದೇವರು ದೊಡ್ಡವನು. ಮಾತುಗಳು ಹೊಸದಾಗಿ ಕಿವಿಗೆ ಬಿದ್ದವು, ಮುಖಕ್ಕೆ ಜೀವ ಬಂತು. ಅವಳು ಮಾವನ ಕಂಬಳಿ ಸರಿಮಾಡುತ್ತ, ಮಾವನ ಹಣೆ ಒರೆಸುತ್ತ, ಕುರ್ಚಿ ಬಿಟ್ಟು ಒಂದು ಮೊಳ ಆಚೆ ಹೋಗದೆ ಆಡಿದಳು. ಗ್ಯಾಲರಿಯಿಂದ ಒಬ್ಬಳು, "ಇಂಥ ಸೊಸೆ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು!" ಎಂದು ಕೂಗಿದಳು.

ಕಷ್ಟ ಶುರುವಾದದ್ದು ಉಳಿದವರಿಂದ. ಎರಡು ವಾರ ಗಟ್ಟಿಮಾಡಿದವರೆಲ್ಲ ಜನರ ಮುಖ ಕಂಡೊಡನೆ ಹಳೆಯ ಅಭ್ಯಾಸಕ್ಕೆ ಬಿದ್ದರು. ಒಬ್ಬೊಬ್ಬರೂ ರಂಗದ ನಡುವಿಗೆ ನಡೆದು ಬಂದು, ಚಿಪ್ಪು ಇದ್ದ ಜಾಗದ ಹಲಗೆಯನ್ನು ನೋಡಿ, ಬಾಯಿ ತೆರೆದು ನಿಂತರು. ಹಲಗೆ ಏನು ಹೇಳೀತು? ಪಿಸುಮಾತು ಅಜ್ಜನ ಗಡ್ಡದಿಂದ ಬರುತ್ತಿದೆಯೆಂದು ಮೊದಲು ಗೊತ್ತಾದದ್ದು ವೈದ್ಯನ ಪಾತ್ರದವನಿಗೆ. ಅವನು ಅಜ್ಜನ ನಾಡಿ ಹಿಡಿದ, ಹಿಡಿದವನು ಬಿಡಲೇ ಇಲ್ಲ. ಆಮೇಲೆ ಕೆಲಸದವಳು ಅಜ್ಜನಿಗೆ ಗಾಳಿ ಬೀಸಲು ಬಂದಳು. ಎರಡನೇ ಅಂಕದಲ್ಲಿ ಹೆರ್ಮಿನಿಯಾ ಮೂರು ಸಾಲು ಮುತ್ತಿನಂತೆ ಹೇಳಿ, ನಾಲ್ಕನೆಯದಕ್ಕೆ ಬಣ್ಣದ ಕೆಳಗೆ ಬೆಳ್ಳಗಾದಳು. ಅವಳು ಓಡಿಬಂದು ಅಜ್ಜನ ಕಾಲ ಬಳಿ ಕುಸಿದು, "ಕ್ಷಮಿಸಿ ಅಜ್ಜಾ!" ಎಂದುಬಿಟ್ಟಳು. ಆ ಮಾತು ನಾಟಕದಲ್ಲಿ ಇರಲಿಲ್ಲ. ಎಲೋದಿಯಾ ಅವಳ ಕಡೆ ಬಾಗಿ, ತುಟಿ ಅಲುಗಿಸದೆ, "ಪಕ್ಕಕ್ಕೆ ಸರಿಯೇ, ಇಲ್ಲಿ ಮೊದಲೇ ಜಾಗ ಇಲ್ಲ," ಎಂದಳು. ಆದರೂ ಮೊಣಕೈ ಎಳೆದುಕೊಂಡು ಜಾಗ ಕೊಟ್ಟಳು, ಆ ಹುಡುಗಿಯ ತುಟಿ ನಡುಗುವುದನ್ನು ನೋಡಿ ಅವಳಿಗೆ ಕನಿಕರವಾಗಿತ್ತು.

ಹೀಗೆ ಪ್ರೇಮ, ಜಗಳ, ಚಹಾ ಕುಡಿಯುವುದು ಎಲ್ಲವೂ ಗಾಲಿಕುರ್ಚಿಯ ಸುತ್ತಲೇ ನಡೆಯಿತು. ಜೋಲುಬಿದ್ದ ಬಾಯಿಯ ಮುದುಕನೊಬ್ಬನ ಮೇಲೆ ಇಡೀ ಮನೆ ಪ್ರಾಣ ಇಟ್ಟಿರುವುದನ್ನು ಕಂಡು ಬಾಕ್ಸಿನ ಹೆಂಗಸರು ಕಣ್ಣೊರೆಸಿಕೊಂಡರು.

ನಾಟಕವನ್ನು ತಾನೇ ಇಳಿಸಿದ್ದ, ಗಂಡನ ಪಾತ್ರದ ರೊಸೆಂದೊ ಎರಡು ಅಂಕ ಎದೆಯುಬ್ಬಿಸಿ ಒಬ್ಬನೇ ದೂರ ನಿಂತಿದ್ದ. ಮೂರನೇ ಅಂಕದ ಮೊದಲಿಗೆ ಅವನಿಗೂ ನೆನಪು ಕೈಕೊಟ್ಟಿತು. ಅವನು ಒಮ್ಮೆ ಹಲಗೆ ನೋಡಿದ, ಒಮ್ಮೆ ಅಜ್ಜನ ಗಡ್ಡ ಅಲುಗುವುದನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. "ಅಪ್ಪಾ!" ಎಂದು ಬಂದವನೇ ಕುರ್ಚಿಯನ್ನು ತನ್ನ ಕಡೆಗೆ ಎಳೆದ. ಎಲೋದಿಯಾ ಬಿಟ್ಟಾಳೆಯೇ? "ಮಾವಾ!" ಎಂದು ತನ್ನ ಕಡೆಗೆ ಎಳೆದಳು. ಹೆರ್ಮಿನಿಯಾ ಹಿಂದಿನಿಂದ ನೂಕಿದಳು. ಗಾಲಿ ಕಂಬಳಿಯನ್ನು ಸುತ್ತಿಕೊಂಡಿತು, ಕಂಬಳಿ ಜಾರಿತು, ಪುಸ್ತಕ ಕುರ್ಚಿಯ ಕೆಳಗೆ ಬಿದ್ದು ಹಾಳೆಗಳು ಹರಡಿಹೋದವು.

ಲಕ್ವ ಹೊಡೆದವನು ಬಗ್ಗಿ ಎತ್ತಿಕೊಳ್ಳುವ ಹಾಗಿಲ್ಲ. ನಿಕಾನೋರ್ ಕಣ್ಣುಗುಡ್ಡೆ ಮಾತ್ರ ಹೊರಳಿಸಿದ.

ಆ ಗಲಿಬಿಲಿಯಲ್ಲೇ ಅಂಚೆಯವನ ಪಾತ್ರದವನು ಬಂದು ಎಲೋದಿಯಾಳ ಕೈಗೆ ಕಾಗದ ಕೊಟ್ಟುಹೋದ. ಹೆರ್ಮಿನಿಯಾ ನಾಟಕದ ಪ್ರಕಾರ ಹೊರಗೆ ಓಡಿದಳು. ಇದು ನಾಟಕದ ದೊಡ್ಡ ಘಟ್ಟ. ಗಂಡ ಪ್ರೇಯಸಿಗೆ ಬರೆದ ಕಾಗದ ತಪ್ಪಿ ಹೆಂಡತಿಗೆ ಸಿಕ್ಕಿದೆ, ಅವಳು ಅದನ್ನು ಅವನ ಮುಂದೆ ಗಟ್ಟಿಯಾಗಿ ಓದಬೇಕು.

ಎಲೋದಿಯಾ ಲಕೋಟೆ ಒಡೆದಳು. ಗಡ್ಡದ ಕಡೆಗೆ ಕಿವಿಯಿಟ್ಟಳು. ಗಡ್ಡ ಅಲುಗಲಿಲ್ಲ. ಸಭೆ ಕಾಯಿತು. ಅವಳು ಮಾವನ ಹಣೆಯನ್ನು ಇನ್ನೊಂದು ಸಲ ಒರೆಸಿದಳು.

"ಓದ್ರೀ," ಎಂದು ರೊಸೆಂದೊ ಮೀಸೆಯ ಕೆಳಗಿಂದ ಪಿಸುಗುಟ್ಟಿದ. "ಪೂರ್ತಿ ಬರ್ದಿದೀನಿ ಅದ್ರಲ್ಲಿ! ನೋಡ್ಕೊಂಡು ಓದಿ!"

ನಿಜ. ಪ್ಯಾರಿಸ್ಸಿನ ಪದ್ಧತಿಯಂತೆ ಎಲ್ಲವೂ ಅಸಲಿಯಾಗಿರಬೇಕೆಂದು ಅವನು ನೇರಳೆ ಶಾಯಿಯಲ್ಲಿ ಇಡೀ ಕಾಗದವನ್ನು ಬರೆದಿಟ್ಟಿದ್ದ. ಅವಳು ಆಡಬೇಕಾದ ಪ್ರತಿಯೊಂದು ಮಾತೂ ಅವಳ ಕೈಯಲ್ಲೇ ಇತ್ತು. ಎಲೋದಿಯಾ ಹಾಳೆ ನೋಡಿದಳು. ಇರುವೆಗಳು ಸಾಲಾಗಿ ಹೋದಂತೆ ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ. ಗಂಟಲಿಗೆ ಅಲ್ವರಾದೊದ ಮೀನುಪೇಟೆಯ ಬೈಗುಳವೊಂದು ಏರಿಬಂತು, ಅದನ್ನು ನುಂಗಿದಳು.

"ನಂಗೆ ಓದಕ್ಕೆ ಬರಲ್ಲ," ಎಂದಳು.

ತೀರ ಸಣ್ಣ ದನಿಯಲ್ಲಿ ಹೇಳಿದ್ದಳು. ಆದರೂ ಗ್ಯಾಲರಿಯ ಕೊನೆಯ ಬೆಂಚಿಗೂ ಕೇಳಿಸಿತು. ಮೇಲೆ ಕಡಲೆಕಾಯಿ ಒಡೆಯುವ ಸದ್ದು ನಿಂತಿತು.

ಅವಳು ಕಾಗದವನ್ನು ರೊಸೆಂದೊನ ಮುಂದೆ ಹಿಡಿದಳು. "ನೀವೇ ಬರ್ದಿದ್ದು ತಾನೆ. ನೀವೇ ಓದಿ ಹೇಳಿ."

ರೊಸೆಂದೊ ತಬ್ಬಿಬ್ಬಾಗಿ ಕಾಗದ ತೆಗೆದುಕೊಂಡ. ಬೇರೆ ದಾರಿಯಿರಲಿಲ್ಲ. "ನನ್ನ ಪ್ರಾಣವೇ," ಎಂದು ಶುರುಮಾಡಿದ. ಎದುರಿಗೆ ಎಲೋದಿಯಾ ಒಂದು ಮಾತೂ ಬಿಡದಂತೆ, ಅವನ ಬಾಯನ್ನೇ ನೋಡುತ್ತ ನಿಂತಿದ್ದಳು. ಹೆಂಡತಿಯನ್ನು ಹಳೆಯ ಚಪ್ಪಲಿ ಎಂದು ಕರೆದ ಸಾಲಿಗೆ ಬಂದಾಗ ಅವನ ದನಿ ಒಡೆಯಿತು. ತಾಲೀಮಿನಲ್ಲಿ ಎಂದೂ ಒಡೆಯದ ದನಿ ಅದು.

"ಓದೋ, ನಿಲ್ಲಿಸ್ಬೇಡ!" ಎಂದು ಮೇಲಿನಿಂದ ಒಬ್ಬಳು ಅರಚಿದಳು. "ಬರೆಯೋವಾಗ ನಾಚಿಕೆ ಆಗ್ಲಿಲ್ವೇನೋ!"

ಅವನು ಕೊನೆಯವರೆಗೂ ಓದಿದ. ಎಲೋದಿಯಾಳ ಕೆನ್ನೆಯ ಮೇಲೆ ನೀರು ಇಳಿಯಿತು. ಅದು ಗಂಡನಿಗಾಗಿ ಅಲ್ಲ, ಇಪ್ಪತ್ತಾರು ವರ್ಷ ಹೊತ್ತದ್ದನ್ನು ಬಾಯಿ ಬಿಟ್ಟದ್ದಕ್ಕೆ. ಪರದೆ ಬಿದ್ದಾಗ ಥಿಯೇಟರಿನ ಛಾವಣಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮತ್ತೆ ಪರದೆ ಎತ್ತಿ ಎಲ್ಲರೂ ನಮಸ್ಕರಿಸುವಾಗ, ಮೂವತ್ತು ವರ್ಷ ಗುಂಡಿಯಲ್ಲಿ ಕೂತು ಬೇರೆಯವರ ಚಪ್ಪಾಳೆ ಕೇಳಿದ್ದ ನಿಕಾನೋರ್ ತಡೆಯಲಾರದೆ ಕುರ್ಚಿಯಿಂದ ಎದ್ದು ನಿಂತು ಬಾಗಿದ.

"ಪವಾಡ!" ಎಂದು ಗ್ಯಾಲರಿ ಕೂಗಿತು. "ಅಜ್ಜ ಎದ್ದ!"

ಆಟ ಮುಗಿದ ಮೇಲೆ ಎಲೋದಿಯಾಳ ಬಣ್ಣದ ಕೋಣೆಗೆ ಮೊದಲು ಬಂದವನು ಪತ್ರಿಕೆಯವನು. ಅವನು ಎಲೋದಿಯಾಳ ಕೈಗೆ ಮುತ್ತಿಟ್ಟು, ನಾಯಕಿಯನ್ನು ನಿರಕ್ಷರಿ ಮಾಡಿದ್ದು ಎಂಥ ಕಲ್ಪನೆ, ಇಷ್ಟು ಓದಿದವರಿಗಲ್ಲದೆ ಇಂಥದ್ದು ಹೊಳೆಯುವುದಿಲ್ಲ, ರಾಜಧಾನಿ ನಿಮ್ಮ ಕಾಲಿಗೆ ಬೀಳುತ್ತದೆ ಎಂದು ಹೇಳಿ ಬರೆಯಲು ಓಡಿದ. ಎಲೋದಿಯಾ ಕೂತಲ್ಲೇ ಕಣ್ಣು ಮುಚ್ಚಿದಳು. ಗುಟ್ಟನ್ನು ಸಾವಿರ ಜನರ ಮುಂದೆ ಹೇಳಿದ್ದಳು, ಒಬ್ಬರೂ ನಂಬಿರಲಿಲ್ಲ.

ರೊಸೆಂದೊ ಬಂದ. ಮೀಸೆಯ ಒಂದು ಕಡೆ ಬಾಗಿತ್ತು.

"ಚಿಪ್ಪು ಮತ್ತೆ ಕೂರ್ಸೋಣ," ಎಂದ ನೆಲ ನೋಡುತ್ತ. "ನಾಯಕಿ ನೀವೇ. ಆ ಮಾತು ಮಾತ್ರ ದಿನಾ ಹೇಳ್ಬೇಕು. ಎಲ್ಲಿಂದ ಹೊಳೀತು ನಿಮ್ಗೆ?"

"ಹೊಳೀತಪ್ಪ," ಎಂದಳು ಎಲೋದಿಯಾ. ಗೆದ್ದೆ ಎನಿಸಿ ಅವಳಿಗೆ ನಗು ಬರುತ್ತಿತ್ತು. ಕದ್ದ ಮಾವಿನಹಣ್ಣನ್ನು ತೋಟದ ಯಜಮಾನನೇ ಕೈಯಾರೆ ಕೊಟ್ಟುಹೋದ ಹಾಗಿತ್ತು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಕಂಡಳು. ಐವತ್ತು ದಾಟಿದವಳು, ಬೆರಳೆಲ್ಲ ಹೊಗೆಸೊಪ್ಪಿನ ಕಂದು, ಭುಜದ ಮೇಲೆ ನೀಲಿ ಶಾಲು. ಹೆಸರು ತೊರಿಬಿಯಾ, ಚುಟ್ಟಾ ಕಾರ್ಖಾನೆಯವಳು ಎಂದು ತಾನೇ ಹೇಳಿಕೊಂಡಳು. ರವಿಕೆಯೊಳಗಿಂದ, ಮಡಚಿ ಮಡಚಿ ಮೆತ್ತಗಾದ ಲಕೋಟೆಯೊಂದನ್ನು ತೆಗೆದಳು. ಇನ್ನೂ ಒಡೆದಿರಲಿಲ್ಲ.

"ಅಮ್ಮಾ, ಬೈಕೋಬೇಡಿ. ಮಗಳದ್ದು. ಜಗಳ ಆಡ್ಕೊಂಡು ಹೋದೋಳು. ಇದು ಬಂದು ನಾಲ್ಕು ತಿಂಗಳಾಯ್ತು. ಕಾಗದ ಓದೋರ ಹತ್ರ ಕೊಟ್ರೆ ಏನೇನು ಬೈದಿದಾಳೋ, ಊರಿಗೆಲ್ಲ ಗೊತ್ತಾಗತ್ತೆ ಅಂತ ನಾಚಿಕೆ. ಇವತ್ತು ನೀವು ಹೇಳಿದ್ರಲ್ಲ... ನಿಮ್ಗೂ ಬರಲ್ಲಾಂತ. ನಿಮ್ಗೆ ಯಾರು ಓದಿ ಹೇಳ್ತಾರೋ, ಅವ್ರ ಹತ್ರ ಒಂದು ಮಾತು ಹೇಳ್ತೀರಾ ಅಂತ ಬಂದೆ."

ರೊಸೆಂದೊ ಗಟ್ಟಿಯಾಗಿ ನಕ್ಕ. "ಅಯ್ಯೋ ತಾಯಿ, ಅದು ನಾಟಕ! ದೋನ್ಯಾ ಎಲೋದಿಯಾ ನಮ್ಮೆಲ್ರಿಗಿಂತ ಜಾಸ್ತಿ ಓದಿದೋರು."

ತೊರಿಬಿಯಾಳ ಮುಖ ಇಳಿಯಿತು. "ಹೌದಾ," ಎಂದಳು. "ನಾನು ದಡ್ಡಿ, ನಿಜ ಅಂದ್ಕೊಂಡೆ." ಲಕೋಟೆಯನ್ನು ಮತ್ತೆ ಮಡಚತೊಡಗಿದಳು. ಕುತ್ತಿಗೆಯವರೆಗೂ ಕೆಂಪಾಗಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ಹೆಂಗಸು ಹೋಗುತ್ತಿದ್ದಳು, ಜನವರಿ ಬರುತ್ತಿತ್ತು, ರಾಜಧಾನಿ ಕಾಲಿಗೆ ಬೀಳುತ್ತಿತ್ತು. ಮೂಲೆಯಲ್ಲಿ ಗಡ್ಡ ಕೀಳುತ್ತಿದ್ದ ನಿಕಾನೋರ್, ಬೇಡ ಎಂದು ತಲೆಯಾಡಿಸಿದ. ಬಾಗಿಲ ಹಿಂದೆ ಹೆರ್ಮಿನಿಯಾ ನಿಂತಿದ್ದದ್ದೂ ಎಲೋದಿಯಾಳಿಗೆ ಕಾಣುತ್ತಿತ್ತು. ಅವಳು ಆ ಕಂದು ಬೆರಳುಗಳು ಲಕೋಟೆ ಮಡಚುವುದನ್ನೇ ನೋಡಿದಳು.

"ನಿಲ್ಲಮ್ಮ," ಎಂದಳು. "ನಾಟಕ ಅಲ್ಲ ಅದು. ನಂಗೆ ನಿಜವಾಗ್ಲೂ ಬರಲ್ಲ."

ರೊಸೆಂದೊನ ನಗು ಬಾಯಲ್ಲೇ ನಿಂತಿತು. "ಏನು? ಮತ್ತೆ ಇಪ್ಪತ್ತಾರು ವರ್ಷ..."

"ನಿಂಗೆ ಆಮೇಲೆ ಹೇಳ್ತೀನಿ ಕಣೋ. ಆಮೇಲೆ ಬೇಕಾದ್ರೆ ಚಿಕ್ಕಮ್ಮನ ಟೋಪಿನೇ ತಂದ್ಕೊಡು, ಹಾಕ್ಕೋತೀನಿ. ಈಗ ಕೂತ್ಕೋ ಇಲ್ಲಿ. ಆಯಮ್ಮನ ಕಾಗದ ಓದು."

ಅವನು ಕೂತ. ತೊರಿಬಿಯಾ ತಾನೇ ಲಕೋಟೆ ಒಡೆದು ಕೊಟ್ಟಳು. ಅವನು ಗಂಟಲು ಸರಿಮಾಡಿಕೊಂಡು, "ನನ್ನ ಪ್ರೀತಿಯ ತಾಯಿಯೇ," ಎಂದು ಎದೆಗೆ ಕೈಯಿಟ್ಟು ಶುರುಮಾಡಿದ.

"ಹಾಗೆಲ್ಲ ಬೇಡ," ಎಂದಳು ತೊರಿಬಿಯಾ. "ನನ್ ಮಗಳು ಹಾಗೆ ಮಾತಾಡಲ್ಲ. ಸುಮ್ನೆ ಓದಿ."

ಅವನು ಸುಮ್ಮನೆ ಓದಿದ. ಕಾಗದದಲ್ಲಿ ಬೈಗುಳ ಇರಲಿಲ್ಲ. ಮಗು ಹುಟ್ಟಿತ್ತು, ಹೆಣ್ಣು. ಅರಚುವುದರಲ್ಲಿ ಥೇಟ್ ನಿನ್ನ ಹಾಗೆಯೇ ಇದೆ, ಅದಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದೇನೆ, ಸಿಟ್ಟು ಇಳಿದಿದ್ದರೆ ನೋಡಲು ಬಾ ಎಂದಿತ್ತು.

ತೊರಿಬಿಯಾ ಶಾಲಿನ ತುದಿ ಬಾಯಿಗೆ ಒತ್ತಿಕೊಂಡಳು. ಎಲೋದಿಯಾ ಎದ್ದು ಬಂದು ರೊಸೆಂದೊನ ಭುಜದ ಮೇಲಿಂದ ಬಾಗಿದಳು.

"ಇದ್ರಲ್ಲಿ ತೊರಿಬಿಯಾ ಅಂತ ಎಲ್ಲಿದೆಯೋ? ತೋರ್ಸು."

ಅವನು ಪುಟ್ಟದೊಂದು ಪದದ ಕೆಳಗೆ ಬೆರಳಿಟ್ಟ. ಇಬ್ಬರು ಹೆಂಗಸರೂ ತಲೆಗೆ ತಲೆ ತಾಗಿಸಿ ನೋಡಿದರು.

"ಇಷ್ಟೇನಾ ನಾನು?" ಎಂದಳು ತೊರಿಬಿಯಾ.